ಕಡಲ ತೀರ ಯಾರದು, ನೋಡಿಕೊಳ್ಳುವವರು ಯಾರು? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಮಾಜಾಳಿಯಿಂದ ಮಂಗಳೂರಿನಾಚೆಯ ತಲಪಾಡಿವರೆಗೆ ನಮ್ಮ ಕಡಲ ತೀರ ಸುಮಾರು 320 ಕಿ.ಮೀ. ಉದ್ದ. ಪಂಚಾಯತ್ ಕಚೇರಿಯಲ್ಲಿ, ಮೀನು ಹರಾಜಾಗುವ ಕಡೆ, ಸೈಟು ಕೊಳ್ಳಲು ಬಂದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕಾನೂನು ಏನು ಹೇಳುತ್ತದೆ ಅನ್ನುವುದರ ಜೊತೆಗೆ ಅದು ಎಲ್ಲಿ ಸೋಲುತ್ತಿದೆ ಅಂತಲೂ ಬರೆದಿದ್ದೇನೆ. ಆ ಎರಡನೆಯದು ನನ್ನ ಅಭಿಪ್ರಾಯ, ಒಪ್ಪಲೇಬೇಕು ಅಂತಿಲ್ಲ.

ಬೀಚ್ ಯಾರ ಆಸ್ತಿ?

ಸರ್ಕಾರದ್ದು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂನಲ್ಲಿ ಇದು ನೇರವಾಗಿಯೇ ಇದೆ. ಉಬ್ಬರದ ಗುರುತಿನಿಂದ ಕೆಳಗಿರುವ ಸಮುದ್ರದ ತಳ, ಬಂದರುಗಳ ತಳ, ಹಿನ್ನೀರಿನ ತಳ, ಹೊಳೆ, ಹಳ್ಳ, ಕೆರೆ ಇವೆಲ್ಲ ರಾಜ್ಯ ಸರ್ಕಾರದ ಸ್ವತ್ತು. ಯಾರ ಹೆಸರಿಗೂ ಇಲ್ಲದ ಜಾಗವೂ ಸರ್ಕಾರದ್ದೇ. ಹಾಗಾಗಿ ಉಬ್ಬರದ ನೀರು ತೋಯಿಸುವ ಮರಳು ನನ್ನದು ಅಂತ ಯಾರೂ ಪಹಣಿ ಹಿಡಿದುಕೊಂಡು ಬರುವಂತಿಲ್ಲ.

ಗೊಂದಲ ಇರುವುದು ಅದರ ಮೇಲಿನ ಒಣ ಮರಳಿನಲ್ಲಿ. ಕೆಲವು ಕಡೆ ಅದು ಪರಂಬೋಕು, ಅಂದರೆ ಕಂದಾಯವಿಲ್ಲದ ಸರ್ಕಾರಿ ಜಾಗ. ಕೆಲವು ಕಡೆ ಅರಣ್ಯ ಇಲಾಖೆ ನೆಟ್ಟ ಗಾಳಿಮರದ ತೋಪು. ಇನ್ನು ಕೆಲವು ಕಡೆ ಖಾಸಗಿ ತೆಂಗಿನ ತೋಟವೇ ಮರಳಿನವರೆಗೆ ಇಳಿದು ಬಂದಿರುತ್ತದೆ.

ನೀರಿನ ಕಡೆಗೆ ಹೋದರೆ ಇನ್ನೊಬ್ಬ ಮಾಲೀಕ ಬರುತ್ತಾನೆ. ಸಂವಿಧಾನದ 297ನೇ ವಿಧಿಯ ಪ್ರಕಾರ, ತೀರದಾಚೆಯ 12 ನಾಟಿಕಲ್ ಮೈಲಿಯ ಕಡಲಿನ ತಳದಲ್ಲಿರುವ ನೆಲ, ಖನಿಜ ಎಲ್ಲ ಕೇಂದ್ರದ್ದು.

ಸರ್ಕಾರದ್ದು ಅಂದ ಮಾತ್ರಕ್ಕೆ ಸರ್ಕಾರ ಏನು ಬೇಕಾದರೂ ಮಾಡಬಹುದು ಅಂತಲೂ ಅಲ್ಲ. ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಒಂದು ರೆಸಾರ್ಟಿಗೆ ಜಾಗ ಕೊಟ್ಟ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1996ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಕಡಲ ತೀರ, ಹರಿಯುವ ನೀರು, ಗಾಳಿ, ಕಾಡು ಇವು ಜನರವು. ಸರ್ಕಾರ ಅವುಗಳ ಟ್ರಸ್ಟಿ ಮಾತ್ರ.

ಹಾಗಾದರೆ ಅದನ್ನು ನೋಡಿಕೊಳ್ಳುವುದು ಯಾವ ಇಲಾಖೆ?

ಇಲ್ಲೇ ಇರುವುದು ನಿಜವಾದ ತೊಂದರೆ. ಜಾಗ ಕಂದಾಯ ಇಲಾಖೆಯದು. ಜೆಟ್ಟಿ, ಅಲೆ ತಡೆಯುವ ಕಲ್ಲಿನ ದಿಬ್ಬ ಅಂದರೆ ಬ್ರೇಕ್‌ವಾಟರ್ ಬಂದರು ಇಲಾಖೆಯವು. ದೋಣಿ, ಮೀನು ಹರಾಜು ಕಟ್ಟೆ ಮೀನುಗಾರಿಕೆ ಇಲಾಖೆಯವು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಆಮೆಯ ಗೂಡು ಅರಣ್ಯ ಇಲಾಖೆಗೆ ಸೇರಿದ್ದು. ಮರಳು ಗಣಿ ಇಲಾಖೆಗೆ. ಪ್ರವಾಸಿಗರು ಪ್ರವಾಸೋದ್ಯಮ ಇಲಾಖೆಗೆ. ಅವರು ಬಿಟ್ಟು ಹೋದ ಬಾಟಲಿ ಪಂಚಾಯತಿಗೆ! ಇವೆಲ್ಲದರ ಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಅದನ್ನು ಜಾರಿ ಮಾಡುವುದು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ. ಅದು ಬೆಂಗಳೂರಿನಲ್ಲಿ ಕೂರುತ್ತದೆ. ಅದರ ಸದಸ್ಯರಲ್ಲಿ ಹೆಚ್ಚಿನವರಿಗೆ ಬೇರೆ ಪೂರ್ಣಾವಧಿ ಕೆಲಸ ಇದೆ.

'ಬೇಡ' ಅನ್ನುವ ಅಧಿಕಾರ ಎಲ್ಲರಿಗೂ ಇದೆ. ದಿನಾ ಬೆಳಿಗ್ಗೆ ಹೋಗಿ ತೀರ ಹೇಗಿದೆ ಅಂತ ನೋಡುವ ಹೊಣೆ ಯಾರಿಗೂ ಇಲ್ಲ. ಇದು ನಮ್ಮ ರಾಜ್ಯದ ಮಾತಷ್ಟೇ ಅಲ್ಲ. ಕರಾವಳಿ ಪರಿಸರದ ಬಗ್ಗೆ 2022ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಂಸ್ಥೆ) ವರದಿಯೂ ಇದನ್ನೇ ಎತ್ತಿ ತೋರಿಸಿತ್ತು. ಪ್ರಾಧಿಕಾರಗಳನ್ನು ಸಕಾಲಕ್ಕೆ ಮರುರಚಿಸುವುದಿಲ್ಲ, ಸಿಬ್ಬಂದಿ ಸಾಲದು, ಮೇಲಿನ ರಾಷ್ಟ್ರೀಯ ಪ್ರಾಧಿಕಾರವೇ ಕಾಯಂ ಅಲ್ಲ ಅಂತ ಅದು ಹೇಳಿತು.

ಸಿಆರ್‌ಝಡ್ ಅಂದರೆ 500 ಮೀಟರ್‌ವರೆಗೆ ಏನೂ ಕಟ್ಟುವಂತಿಲ್ಲ ಅಂತಲಾ?

ಅಲ್ಲ. 500 ಮೀಟರ್ ಅನ್ನುವುದು ಉಬ್ಬರದ ರೇಖೆಯಿಂದ ನೆಲದ ಕಡೆಗೆ ನಿಯಮ ಅನ್ವಯಿಸುವ ಪಟ್ಟಿ, ನಿಷೇಧದ ಪಟ್ಟಿ ಅಲ್ಲ. ಕಡಲಿನಿಂದ 500 ಮೀಟರ್ ಬಿಡಿ ಅಂತ ಇಂದಿರಾ ಗಾಂಧಿ 1981ರಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದಿದ್ದರು. ಆ ಅಂಕಿ 1991ರ ಫೆಬ್ರುವರಿ 19ರ ಮೊದಲ ಅಧಿಸೂಚನೆಗೂ ಬಂತು. ಆಮೇಲೆ 2011ರದ್ದು, ಈಗ 2019ರ ಜನವರಿ 18ರದ್ದು ಜಾರಿಯಲ್ಲಿದೆ.

ಒಳಗೆ ನಾಲ್ಕು ದರ್ಜೆ. ಕಾಂಡ್ಲಾ ಕಾಡು, ಮರಳಿನ ದಿಬ್ಬ, ಆಮೆ ಮೊಟ್ಟೆ ಇಡುವ ಜಾಗ, ಕೆಸರು ಬಯಲು ಇಂಥವು ಒಂದನೇ ದರ್ಜೆ. ಅಲ್ಲಿ ಬಿಗಿ ಜಾಸ್ತಿ. ಈಗಾಗಲೇ ಬೆಳೆದ ಪೇಟೆ ಎರಡನೆಯದು. ಹಳ್ಳಿಗಳು ಮೂರನೆಯದು. ನೀರು ನಾಲ್ಕನೆಯದು. ಹಳ್ಳಿಗಳಲ್ಲಿ ಮತ್ತೆ ಎರಡು ಪಾಲು ಇದೆ. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನ ಇದ್ದರೆ ಅಭಿವೃದ್ಧಿ ನಿಷೇಧದ ಪಟ್ಟಿ 50 ಮೀಟರ್. ಇಲ್ಲದಿದ್ದರೆ 200 ಮೀಟರ್.

ಹೊಳೆ ಬದಿಯವರು ಇದನ್ನು ಮರೆಯುತ್ತಾರೆ: ಉಪ್ಪುನೀರು ಏರಿ ಬರುವಷ್ಟು ದೂರ ಹೊಳೆಯೂ ಸಿಆರ್‌ಝಡ್. ಬಿರುಬೇಸಿಗೆಯಲ್ಲಿ ಲೀಟರಿಗೆ 5 ಗ್ರಾಂ ಉಪ್ಪು ಸಿಗುವ ಕಡೆವರೆಗೆ ಅದು ಲೆಕ್ಕಕ್ಕೆ ಬರುತ್ತದೆ. ಅಲ್ಲಿ ದಡದಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2011ರ ನಿಯಮದಲ್ಲಿ ಇದು 100 ಮೀಟರ್ ಇತ್ತು.

ಈ 'ಉಬ್ಬರದ ರೇಖೆ' ನೆಲದ ಮೇಲೆ ಎಲ್ಲಿದೆ?

ಒಳ್ಳೆಯ ಪ್ರಶ್ನೆ. ನೆಲದ ಮೇಲೆ ಅದು ಕಾಣುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ಏರುವ ಕೊನೆಯ ಗೆರೆ ಅದು. ಮಳೆಗಾಲದ ತೂಫಾನಿನ ಅಲೆ ಮನೆ ಅಂಗಳಕ್ಕೆ ಬಂದರೆ ಅದು ಲೆಕ್ಕಕ್ಕಿಲ್ಲ. ಗೆರೆಯನ್ನು ಗುರುತಿಸುವುದು ಚೆನ್ನೈನಲ್ಲಿರುವ ಸುಸ್ಥಿರ ಕರಾವಳಿ ನಿರ್ವಹಣೆಯ ರಾಷ್ಟ್ರೀಯ ಕೇಂದ್ರ. ಆ ಗೆರೆಯನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಹಾಕುತ್ತಾರೆ.

ಆ ನಕ್ಷೆಯ ಪ್ರಮಾಣ 1:25,000. ಅಂದರೆ ಕಾಗದದ ಮೇಲೆ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. 50 ಮೀಟರಿನ ನಿಷೇಧದ ಪಟ್ಟಿ ನಕ್ಷೆಯಲ್ಲಿ ಬರೀ 2 ಮಿಲಿಮೀಟರ್! ಪೆನ್ನು ಸ್ವಲ್ಪ ದಪ್ಪ ಇದ್ದರೆ ಒಬ್ಬರ ಮನೆ ಒಳಗೆ, ಇನ್ನೊಬ್ಬರ ಮನೆ ಹೊರಗೆ. ಇದಕ್ಕಾಗಿಯೇ ಸ್ಥಳೀಯ ನಕ್ಷೆ ಸುಮಾರು 1:4,000ದ್ದು, ಸರ್ವೆ ನಂಬರ್ ಸಮೇತ ಇರಬೇಕು. ಜನರಿಗೆ ಬೇಕಾದದ್ದು ಅದು. ಜಗಳಗಳಲ್ಲಿ ಅರ್ಧಕ್ಕರ್ಧ ಗೆರೆಯದೇ ಜಗಳ. ಹೆದ್ದಾರಿಗೆ ಜಾಗ ಬಿಡಿಸುವಾಗ ಸಾಲಾಗಿ ಕಲ್ಲು ನೆಡುತ್ತಾರೆ. ಕಡಲ ತೀರಕ್ಕೆ ಹಾಗೆ ಕಲ್ಲು ನೆಟ್ಟು, ಸರ್ವೆ ನಂಬರಿನ ಪಹಣಿಯಲ್ಲೇ 'ಸಿಆರ್‌ಝಡ್, ಇಂಥ ದರ್ಜೆ' ಅಂತ ಬರೆದರೆ ಕೊಳ್ಳುವವನಿಗೂ ಗೊತ್ತಾಗುತ್ತದೆ, ಸಬ್ ರಿಜಿಸ್ಟ್ರಾರಿಗೂ ಗೊತ್ತಾಗುತ್ತದೆ.

ಪಹಣಿ ನನ್ನ ಹೆಸರಲ್ಲಿದೆ, ಪಂಚಾಯತ್ ಲೈಸೆನ್ಸ್ ಕೂಡ ಇದೆ. ಇನ್ನೇನು ಬೇಕು?

ಸಾಲದು. ಪಹಣಿ ಹೇಳುವುದು ಜಾಗ ಯಾರದು ಅಂತ. ಅಲ್ಲಿ ಏನು ಕಟ್ಟಬಹುದು ಅನ್ನುವುದು ಬೇರೆ ಕಾನೂನು. ಭೂ ಪರಿವರ್ತನೆ, 9/11 (ಪಂಚಾಯತ್ ಕೊಡುವ ಆಸ್ತಿ ದಾಖಲೆ) ಎಲ್ಲ ಆಗಿದ್ದರೂ ಸಿಆರ್‌ಝಡ್ ಒಪ್ಪಿಗೆ ಬೇರೆಯೇ ಬೇಕು.

ಕೊಚ್ಚಿಯ ಮರಡು ನೆನಪಿರಬೇಕಲ್ಲ? 2006ರಲ್ಲಿ ಅಲ್ಲಿನ ಪಂಚಾಯತ್ ಕಟ್ಟಡಗಳಿಗೆ ಅನುಮತಿ ಕೊಟ್ಟಿತು. ಕರಾವಳಿ ಪ್ರಾಧಿಕಾರವನ್ನು ಕೇಳಲಿಲ್ಲ. ಜನ ಸಾಲ ಮಾಡಿ ಫ್ಲಾಟ್ ಕೊಂಡರು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳು ಸ್ಫೋಟಕ್ಕೆ ಉರುಳಿದವು. ಫ್ಲಾಟಿನವರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿತ್ತು. ಆದರೆ ಲೈಸೆನ್ಸ್ ಕೊಟ್ಟ ಮೇಜಿನ ತಪ್ಪಿಗೆ ದೊಡ್ಡ ಬೆಲೆ ತೆತ್ತವರು ಕೊಂಡವರೇ.

ಸಮಾಧಾನದ ಮಾತು ಒಂದಿದೆ. ನೀವೇ ವಾಸ ಮಾಡುವ, ಒಟ್ಟು 300 ಚದರ ಮೀಟರ್ ಒಳಗಿನ ಮನೆಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮ ನೋಡಿ ಒಪ್ಪಿಗೆ ಕೊಡಬಹುದು. 'ನೋಡಿ' ಅನ್ನುವುದು ಮುಖ್ಯ. ನೋಡದೆ ಕೊಟ್ಟರೆ ಮರಡು ಕಥೆಯೇ.

ನಾವು ತಲೆತಲಾಂತರದಿಂದ ಮೀನುಗಾರರು. ಕಡಲ ಬದಿಯಲ್ಲಿ ನಮಗೂ ಮನೆ ಕಟ್ಟಬಾರದಾ?

ಕಟ್ಟಬಹುದು, ಅಳತೆಯೊಳಗೆ. 200 ಮೀಟರ್ ನಿಷೇಧ ಇರುವ ಹಳ್ಳಿಗಳಲ್ಲೂ, 100ರಿಂದ 200 ಮೀಟರ್ ನಡುವೆ ಸಾಂಪ್ರದಾಯಿಕ ಕರಾವಳಿ ಸಮುದಾಯದವರ ಮನೆಗೆ ಅವಕಾಶ ಇದೆ. ಎತ್ತರ 9 ಮೀಟರ್, ನೆಲ ಅಂತಸ್ತಿನ ಮೇಲೆ ಒಂದು ಮಹಡಿ. ಹಳೆ ಮನೆ ದುರಸ್ತಿಗೂ ಅಡ್ಡಿ ಇಲ್ಲ. ಇದ್ದ ಮನೆಯ ವಿನ್ಯಾಸ ಬದಲಿಸದೆ ಹೋಂಸ್ಟೇ ನಡೆಸಬಹುದು. ಮೀನು ಒಣಗಿಸುವ ಅಂಗಳ, ಬಲೆ ರಿಪೇರಿ ಜಾಗ, ದೋಣಿ ಕಟ್ಟುವ ಜಾಗ, ಐಸ್ ಪ್ಲಾಂಟ್ ಇವಕ್ಕೂ ಅವಕಾಶ ಇದೆ.

ಆದರೆ ಇದೆಲ್ಲ 'ಅನುಮತಿ'. 'ಹಕ್ಕು' ಅಲ್ಲ. ಕಾಡಿನಲ್ಲಿ ಬದುಕುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಕಡಲ ತೀರದಲ್ಲಿ ಬದುಕುವವರಿಗೆ ಅಂಥ ಕಾಯ್ದೆ ಇಲ್ಲ. ಕೈರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುವವರಿಗೆ ಮರಳೇ ಕೆಲಸದ ಜಾಗ. ಹತ್ತಾರು ಜನ ಎರಡು ಕಡೆ ನಿಂತು ಹಗ್ಗ ಎಳೆಯಬೇಕು. ಅಲ್ಲಿ ಯಾರೋ ಛತ್ರಿ ನೆಟ್ಟು ಕುರ್ಚಿ ಹಾಕಿದರೆ ಬಲೆ ಎಲ್ಲಿ ಎಳೆಯುವುದು? ಊರಿನ ಮೀನು ಒಣಗಿಸುವ ಅಂಗಳ, ದೋಣಿ ತಂಗುವ ಜಾಗಗಳನ್ನು ಯೋಜನೆಯ ನಕ್ಷೆಯಲ್ಲಿ ಗುರುತಿಸಬೇಕು ಅಂತ ನಿಯಮವೇ ಹೇಳುತ್ತದೆ. ನಿಮ್ಮ ಊರಿನದು ನಕ್ಷೆಯಲ್ಲಿ ಇದೆಯಾ ಅಂತ ಒಮ್ಮೆ ನೋಡಿ. ಇಲ್ಲದಿದ್ದರೆ ಕಾಗದದ ಲೆಕ್ಕದಲ್ಲಿ ಅದು ಖಾಲಿ ಜಾಗ. ಖಾಲಿ ಜಾಗ ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ.

ಗೋವಾದಲ್ಲಿ, ಕೇರಳದಲ್ಲಿ ಬಿಡ್ತಾರೆ. ನಮಗೆ ಮಾತ್ರ ಯಾಕೆ ಇಷ್ಟು ಬಿಗಿ?

ಅಧಿಸೂಚನೆ ಎಲ್ಲರಿಗೂ ಒಂದೇ. ಕೇರಳದ ಕರಾವಳಿ ಪಂಚಾಯತ್‌ಗಳಲ್ಲಿ ಜನ ಕಿಕ್ಕಿರಿದು ಇದ್ದಾರೆ, ಹಾಗಾಗಿ 50 ಮೀಟರಿನ ಲೆಕ್ಕ ಸಿಗುತ್ತದೆ. ನಮ್ಮ ಬಹುಪಾಲು ಹಳ್ಳಿಗಳಲ್ಲಿ ಅಷ್ಟು ಜನ ಇಲ್ಲ, 200 ಮೀಟರ್ ಬರುತ್ತದೆ. ಮರಳಿನ ಮೇಲೆ ಹಾಕುವ ಗುಡಿಸಲು ಹೋಟೆಲುಗಳಾದ ಗೋವಾದ ಶ್ಯಾಕ್‌ಗಳು ತಾತ್ಕಾಲಿಕ, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ. 2019ರ ನಿಯಮದಲ್ಲಿ ನಮಗೂ ಅದಕ್ಕೆ ಅವಕಾಶ ಇದೆ. ಉಬ್ಬರದ ರೇಖೆಯಿಂದ 10 ಮೀಟರ್ ಬಿಟ್ಟು ಶ್ಯಾಕ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಹಾಕಬಹುದು. ನಮ್ಮಲ್ಲಿ ಕೊರತೆ ಇರುವುದು ಅವಕಾಶದ್ದಲ್ಲ, ಯಾರಿಗೆ, ಎಷ್ಟು, ಎಷ್ಟು ಕಾಲಕ್ಕೆ ಅನ್ನುವ ನಿಚ್ಚಳ ನೀತಿಯದ್ದು. ಕೊಡುವುದಾದರೆ ಊರವರಿಗೇ ಮೊದಲು ಕೊಡಬೇಕು ಅನ್ನುವುದು ನನ್ನ ಮಾತು.

ರೆಸಾರ್ಟಿನವರು ಬೇಲಿ ಹಾಕಿ ಕಡಲಿಗೆ ಹೋಗುವ ದಾರಿ ಮುಚ್ಚಿದ್ದಾರೆ. ಏನು ಮಾಡಬಹುದು?

ಬೀಚ್ ಸಾರ್ವಜನಿಕ, ಸರಿ. ಆದರೆ ಅಲ್ಲಿಗೆ ಹೋಗುವ ದಾರಿ ಖಾಸಗಿ ತೋಟದ ಒಳಗಿದ್ದರೆ? ನಮ್ಮಲ್ಲಿ ಎಷ್ಟೋ ಕಾಲುದಾರಿ ಬಾಯಿ ಮಾತಿನವು. ತೋಟದ ಯಜಮಾನರು ಹಿಂದಿನಿಂದ ಬಿಟ್ಟುಕೊಂಡು ಬಂದದ್ದು. ಜಾಗ ಮಾರಾಟವಾದ ಮರುದಿನ ಗೇಟು ಬೀಳುತ್ತದೆ.

ಗೋವಾದ ದೋನಾ ಪಾವ್ಲಾ ಹತ್ತಿರದ ವೈಂಗಿಣಿ ಬೀಚ್ ವಿಷಯದಲ್ಲಿ ಹೀಗೇ ಆಗಿತ್ತು. ಹೋಟೆಲೊಂದು ಕಟ್ಟಡ ವಿಸ್ತರಿಸಿ ಜನರ ದಾರಿಗೆ ಅಡ್ಡವಾಯಿತು. ಊರವರು ಬಿಡಲಿಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಊರವರ ಕಡೆ ತೀರ್ಪು ಕೊಟ್ಟಿತು. ಸಾರ್ವಜನಿಕ ದಾರಿ ಉಳಿಸಬೇಕು ಅನ್ನಲು, ಸರ್ಕಾರ ಟ್ರಸ್ಟಿ ಮಾತ್ರ ಅನ್ನುವ ಅದೇ ತತ್ವವನ್ನು ಎತ್ತಿ ಹೇಳಿತು. ನಿಮ್ಮ ವಕೀಲರಿಗೆ ಈ ತೀರ್ಪು ತೋರಿಸಿ.

ಮೊದಲು ಗ್ರಾಮ ನಕ್ಷೆ ತೆಗೆಸಿ. ದಾರಿ ನಕ್ಷೆಯಲ್ಲಿ ಇದ್ದರೆ ಕೆಲಸ ಹಗುರ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆರವು ಮಾಡಿಸಬಹುದು. ನಕ್ಷೆಯಲ್ಲಿ ಇಲ್ಲದಿದ್ದರೆ ಬಹಳ ಕಾಲದ ಬಳಕೆಯನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಹಳೆಯ ಫೋಟೊ, ದಾರಿ ಬದಿಯ ವಿದ್ಯುತ್ ಕಂಬ, ಪಂಚಾಯತ್ ಹಾಕಿದ ಜಲ್ಲಿಯ ಬಿಲ್ಲು, ವಯಸ್ಸಾದವರ ಹೇಳಿಕೆ ಎಲ್ಲ ಕೆಲಸಕ್ಕೆ ಬರುತ್ತವೆ.

ಈ ವಿಷಯದಲ್ಲಿ ಸ್ಪೇನ್ ನೋಡಿ ಕಲಿಯಬಹುದು. ಅಲ್ಲಿ 1978ರ ಸಂವಿಧಾನವೇ ಬೀಚ್ ಸಾರ್ವಜನಿಕ ಆಸ್ತಿ ಅನ್ನುತ್ತದೆ. 1988ರ ಕರಾವಳಿ ಕಾನೂನು, ತೀರಕ್ಕೆ ತಾಗಿ 6 ಮೀಟರ್ ಅಗಲದ ಪಟ್ಟಿಯನ್ನು ಜನ ನಡೆದಾಡಲು ಯಾವಾಗಲೂ ತೆರೆದಿಡಬೇಕು ಅಂತ ಹೇಳಿತು. ಜಾಗ ಖಾಸಗಿಯಾದರೂ ಸರಿ. ನಮ್ಮ ನಿಯಮ ಕಟ್ಟಡದ ಬಗ್ಗೆ ಪುಟಗಟ್ಟಲೆ ಮಾತಾಡುತ್ತದೆ, ನಡೆದಾಡುವವನ ಬಗ್ಗೆ ಇಷ್ಟು ಕಡ್ಡಿ ಮುರಿದಂತೆ ಮಾತಾಡುವುದಿಲ್ಲ.

ಕಡಲ ಕೊರೆತಕ್ಕೆ ಕಲ್ಲು ಹಾಕಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಕೆಲವೊಮ್ಮೆ ಅದೇ ತೊಂದರೆ. ಜೂನ್, ಜುಲೈಯಲ್ಲಿ ಕಡಲು ಮರಳು ಎಳೆದುಕೊಂಡು ಹೋಗುತ್ತದೆ, ಮಳೆ ಕಳೆದ ಮೇಲೆ ತಂದು ಹಾಕುತ್ತದೆ. ಇದು ಪ್ರತಿ ವರ್ಷದ ವ್ಯವಹಾರ. ಹೊಳೆಯಿಂದ ಬರುವ ಮರಳು ಕಡಿಮೆಯಾದರೆ, ಅಥವಾ ತೀರದುದ್ದಕ್ಕೂ ಸಾಗುವ ಮರಳನ್ನು ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಬ್ರೇಕ್‌ವಾಟರ್ ತಡೆದರೆ, ಹೋದದ್ದು ವಾಪಸ್ ಬರುವುದಿಲ್ಲ. ಆಗ ಕಲ್ಲಿನ ಗೋಡೆ ಕಟ್ಟುತ್ತೇವೆ. ಅಲೆ ಗೋಡೆಗೆ ಬಡಿದು ಕಾಲಬುಡದ ಮರಳನ್ನೇ ಕೆರೆಯುತ್ತದೆ. ಗೋಡೆ ಮುಗಿಯುವ ಕಡೆ ಪಕ್ಕದ ಮನೆಯವರ ತೋಟ ಹೋಗುತ್ತದೆ. ಅವರೂ ಕಲ್ಲು ಕೇಳುತ್ತಾರೆ.

ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ನೀರೊಳಗೆ ಅಲೆಯ ಹೊಡೆತ ತಗ್ಗಿಸುವ ರೀಫ್ (ದಿಬ್ಬ) ಕಟ್ಟುವಂಥ ಬೇರೆ ದಾರಿ ಪ್ರಯತ್ನಿಸಿದರು. ತೀರವನ್ನು ಒಟ್ಟಾಗಿ ನೋಡುವ ಯೋಚನೆ ಸರಿಯಾದದ್ದು. ಆದರೆ ಪ್ರತಿ ಮಳೆಗಾಲ 'ತುರ್ತು ಕಾಮಗಾರಿ' ಹೆಸರಲ್ಲಿ ಲಾರಿಗಟ್ಟಲೆ ಕಲ್ಲು ಸುರಿಯುವುದು ನಿಂತಿಲ್ಲ. ಗೋಡೆ ಬಂದಲ್ಲಿ ಬೀಚ್ ಹೋಗುತ್ತದೆ. ಅಂದರೆ ಸಾರ್ವಜನಿಕ ಹಣದಿಂದ ಸಾರ್ವಜನಿಕ ಜಾಗ ಕಳೆದುಕೊಳ್ಳುತ್ತೇವೆ. ಒಂದು ಅಳಿವೆಯಿಂದ ಇನ್ನೊಂದು ಅಳಿವೆವರೆಗೆ ಒಂದೇ ಯೋಜನೆ ಇರಬೇಕು. ಶಾಸಕರ ಕ್ಷೇತ್ರದ ಗಡಿ ಮರಳಿಗೆ ಗೊತ್ತಿಲ್ಲ.

ಸಿಆರ್‌ಝಡ್ ಒಳಗೆ ಮರಳು ತೆಗೆಯಬಹುದಾ?

ಮಾರಾಟಕ್ಕಾಗಿ ಗಣಿಗಾರಿಕೆ ಮಾಡುವಂತಿಲ್ಲ. ದೋಣಿ ಓಡಾಟಕ್ಕೆ ಅಡ್ಡವಾದ ಮರಳು ದಿಬ್ಬವನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದ ತೆಗೆಯಲು 2011ರಲ್ಲಿ ಕೇಂದ್ರ ದಾರಿ ಮಾಡಿತು. ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ದಿಬ್ಬ ಗುರುತಿಸಬೇಕು. ಯಂತ್ರ ಬಳಸಬಾರದು. ದೋಣಿಗೆ ದಾರಿ ಬಿಡಿಸಲು ಅಂತ ಶುರುವಾದದ್ದು ಮನೆ ಕಟ್ಟುವವರಿಗೆ ಮರಳು ಒದಗಿಸುವ ವ್ಯಾಪಾರವಾಗಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಬಂದರು ಯೋಜನೆ ಬಂದಾಗ ನಮ್ಮ ಮಾತಿಗೆ ಬೆಲೆ ಇದೆಯಾ?

ಕಾಗದದಲ್ಲಿ ಇದೆ. ದೊಡ್ಡ ಬಂದರು ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಆದರೆ ಹೊನ್ನಾವರದ ಕಾಸರಕೋಡ ಟೊಂಕ, ಅಂಕೋಲಾದ ಕೇಣಿ, ಕಾರವಾರದ ಟಾಗೋರ್ ಬೀಚ್, ಎಲ್ಲ ಕಡೆ ಮೀನುಗಾರರು ಬೀದಿಗಿಳಿದೇ ಮಾತಾಡಬೇಕಾಯಿತು. ಸಭೆ ಬರುವ ಹೊತ್ತಿಗೆ ಜಾಗ ಯಾವುದು ಅನ್ನುವುದು ತೀರ್ಮಾನವಾಗಿರುತ್ತದೆ, ಅದೇ ತೊಂದರೆ.

ಕಾಸರಕೋಡನ್ನೇ ನೋಡಿ. ಅಲ್ಲಿನ ಬೀಚಿಗೆ 2020ರ ಅಕ್ಟೋಬರಿನಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ವಚ್ಛತೆ, ನೀರಿನ ಗುಣಮಟ್ಟ ನೋಡಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಅದೇ ಊರಿನ ಟೊಂಕದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಅಲ್ಲೇ ಖಾಸಗಿ ಬಂದರಿನ ಯೋಜನೆಯೂ ಇದೆ. ಒಂದೇ ಊರಿನ ತೀರಕ್ಕೆ ಮೂರು ಇಲಾಖೆಗಳ ಮೂರು ಕನಸು. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ತೂಗುವ ಕಚೇರಿ ಇಲ್ಲ.

ಅಘನಾಶಿನಿ ಹೊಳೆಯದು ಸ್ವಲ್ಪ ಬೇರೆ ಕಥೆ. ಆ ಹೊಳೆ ಕಡಲು ಸೇರುವ ತದಡಿಯಲ್ಲಿ ಬಂದರಿನ ಮಾತು ವರ್ಷಗಟ್ಟಲೆ ಓಡಿತು. ಆದರೆ ಆ ಅಳಿವೆ ಎಷ್ಟು ಕುಟುಂಬಗಳ ಚಿಪ್ಪಿಕಲ್ಲು, ಸೀಗಡಿ, ಗಜನಿ (ಉಪ್ಪುನೀರಿನ) ಗದ್ದೆಯ ಕಗ್ಗ ಭತ್ತ ಅಂತ ಜನ ಲೆಕ್ಕ ಕೊಟ್ಟು ತೋರಿಸಿದರು. 2024ರ ಜನವರಿ 31ರಂದು 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು.

ನಿಯಮ ಮುರಿದರೆ ಶಿಕ್ಷೆ ಏನು?

ಮೊದಲು ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲಿ ಐದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇತ್ತು. 2023ರ ಜನ್ ವಿಶ್ವಾಸ್ ಕಾಯ್ದೆ ಅದನ್ನು ಬದಲಿಸಿತು. 2024ರ ಏಪ್ರಿಲ್ 1ರಿಂದ ಮೊದಲ ಏಟಿಗೇ ಜೈಲು ಅನ್ನುವುದು ಹೋಗಿ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಬಡವನ ಗುಡಿಸಲಿಗೆ 10 ಸಾವಿರವೇ ಭಾರ. ದೊಡ್ಡ ಹೋಟೆಲಿಗೆ 15 ಲಕ್ಷ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು, ಅಲ್ವಾ? ದಂಡ ಕಟ್ಟಡದ ಬೆಲೆಗೆ ತಕ್ಕಂತೆ ಇರಬೇಕಿತ್ತು.

ಸರ್ಕಾರಿ ಜಾಗದ ಒತ್ತುವರಿಗೆ ಬೇರೆ ದಾರಿ ಇದೆ. ಭೂ ಕಂದಾಯ ಕಾಯ್ದೆಯಡಿ ತಹಶೀಲ್ದಾರರು ತೆರವು ಮಾಡಿಸಬಹುದು. ನನ್ನ ಲೆಕ್ಕದಲ್ಲಿ ಇದು ಹೆಚ್ಚು ಹರಿತ. ಯಾಕೋ ತೀರದಲ್ಲಿ ಇದರ ಬಳಕೆ ಕಡಿಮೆ.

ದೂರು ಯಾರಿಗೆ, ಹೇಗೆ ಕೊಡುವುದು?

ಫೋಟೊ ತೆಗೆಯಿರಿ, ದಿನಾಂಕ ಮತ್ತು ಸ್ಥಳ ಕಾಣುವಂತೆ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಅಲ್ಲೇ ನಿಂತು ಸರ್ವೆ ನಂಬರ್ ನೋಡಿಕೊಳ್ಳಿ. 'ನಮ್ಮೂರ ಬೀಚಲ್ಲಿ ಅಕ್ರಮ ಕಟ್ಟಡ' ಅಂತ ಬರೆದ ಅರ್ಜಿ ಹಾಗೇ ಮಲಗುತ್ತದೆ. ಸರ್ವೆ ನಂಬರ್ ಇರುವ ಅರ್ಜಿಗೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ. ಕಾರವಾರ, ಉಡುಪಿ, ಮಂಗಳೂರಿನಲ್ಲಿ ಪರಿಸರ ವಿಭಾಗದ ಪ್ರಾದೇಶಿಕ ನಿರ್ದೇಶಕರ ಕಚೇರಿಗಳಿವೆ. ಅಲ್ಲಿಗೆ ಕೊಡಿ. ಕರಾವಳಿ ನಿಯಮ ನೋಡಿಕೊಳ್ಳುವ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು, ಅವರಿಗೊಂದು ಪ್ರತಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕ್ರಮ ಏನಾಯಿತು ಅಂತ ಕೇಳಿ. 30 ದಿನದೊಳಗೆ ಹೇಳಬೇಕು.

ಕೊನೆಗೆ ಹಸಿರು ನ್ಯಾಯಮಂಡಳಿ ಇದೆ. ನಮಗೆ ಚೆನ್ನೈ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ತಕರಾರು ಹುಟ್ಟಿ ಆರು ತಿಂಗಳ ಒಳಗೆ ಹೋಗಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಅರ್ಜಿ ಕೊಟ್ಟು ಕಾದು ಕೂರುವುದರಲ್ಲೇ ಆರು ತಿಂಗಳು ಮುಗಿದಿರುತ್ತದೆ.

ಕಾನೂನಿನಲ್ಲೇ ಬದಲಾಗಬೇಕಾದದ್ದು ಏನು?

ಸಿಆರ್‌ಝಡ್ ಒಂದು ಕಾಯ್ದೆ ಅಲ್ಲ, ಅಧಿಸೂಚನೆ. ಸಂಸತ್ತಿನಲ್ಲಿ ಚರ್ಚೆ ಇಲ್ಲದೆ ಬದಲಾಗುತ್ತದೆ. 1991ರದ್ದನ್ನೇ ಇಪ್ಪತ್ತಕ್ಕೂ ಹೆಚ್ಚು ಸಲ ತಿದ್ದಿದ್ದರು. ಅದನ್ನು ರಾಜ್ಯ ಸರಿ ಮಾಡಲಾಗದು, ನಿಜ. ಆದರೆ ಜಾಗ ರಾಜ್ಯದ್ದು. ಗಡಿ ಕಲ್ಲು ನೆಡಲು, ಪಹಣಿಯಲ್ಲಿ ನಮೂದಿಸಲು, ಕಡಲಿಗೆ ಹೋಗುವ ದಾರಿಗಳನ್ನು ಸಾರ್ವಜನಿಕ ಅಂತ ಘೋಷಿಸಲು, ಜಿಲ್ಲೆಗೊಬ್ಬ ಪೂರ್ಣಾವಧಿ ತೀರ ಅಧಿಕಾರಿಯನ್ನು ನೇಮಿಸಲು ದೆಹಲಿಯನ್ನು ಕೇಳಬೇಕಿಲ್ಲ. ಹೊಸ ನಿಷೇಧ ತರುವುದಕ್ಕಿಂತ ಇದು ಮುಖ್ಯ ಅನ್ನುತ್ತೇನೆ. ಮಾಲೀಕನಿಗೇ ತನ್ನ ಜಾಗದ ಗಡಿ ಗೊತ್ತಿಲ್ಲದಿದ್ದರೆ ಎಷ್ಟು ನಿಯಮ ಇದ್ದರೂ ಏನು ಬಂತು?

ಗ್ರಾಮ ಪಂಚಾಯತ್ ಈಗಲೇ ಏನಾದರೂ ಮಾಡಬಹುದಾ?

ಮಾಡಬಹುದು. ಕಡಲಿಗೆ ಹೋಗುವ ದಾರಿಗಳು, ಬಲೆ ಎಳೆಯುವ ಜಾಗ, ಮೀನು ಒಣಗಿಸುವ ಅಂಗಳ, ದೋಣಿ ತಂಗುವ ಕಡೆ ಎಲ್ಲವನ್ನೂ ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ ನಿರ್ಣಯ ಮಾಡಿ. ಪಂಚಾಯತ್ ಆಸ್ತಿ ವಹಿಯಲ್ಲಿ ಬರೆಯಬಹುದಾದ್ದನ್ನು ಬರೆಯಿರಿ. ಉಳಿದದ್ದಕ್ಕೆ ಜಂಟಿ ಸರ್ವೆ ಮಾಡಿ ಅಂತ ತಹಶೀಲ್ದಾರರಿಗೆ ಪತ್ರ ಕೊಡಿ. ಪಟ್ಟಿ ಮಾಡುವಾಗ ಬೋಟಿಗೆ ಹೋಗುವವರನ್ನು ಮಾತ್ರವಲ್ಲ, ಮೀನು ಒಣಗಿಸುವ, ಚಿಪ್ಪಿ ಹೆಕ್ಕುವ ಹೆಂಗಸರನ್ನೂ ಕರೆದುಕೊಂಡು ಹೋಗಿ. ಇಳಿತದ ಹೊತ್ತಿನಲ್ಲಿ ಯಾವ ಜಾಗ ಯಾರ ಬಳಕೆಯಲ್ಲಿದೆ ಅಂತ ಅವರಿಗೇ ಜಾಸ್ತಿ ಗೊತ್ತು. ನಿರ್ಣಯದ ಪ್ರತಿಯನ್ನು ಪ್ರಾದೇಶಿಕ ನಿರ್ದೇಶಕರ ಕಚೇರಿಗೂ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.